ನಾಲ್ಕನೇ ಮೂಲೆಯ ಕಲ್ಲು

ಎದೆಯುದ್ದ ತೋಡಬೇಕಿದ್ದ ಗುಂಡಿಯನ್ನು ನಾನು ಸೊಂಟದುದ್ದಕ್ಕೇ ನಿಲ್ಲಿಸಿದೆ. ಅದನ್ನು ಅಣ್ಣನಿಗೆ ಹೇಳಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಚಿಕ್ಕಬಳ್ಳಾಪುರದಿಂದ ಕಳವಾರಕ್ಕೆ ಹೋಗುವ ಕಡೆ ನಮ್ಮ ಹೊಲ. ಅಲ್ಲಿ ಅಣ್ಣ ದ್ರಾಕ್ಷಿಗೆ ಚಪ್ಪರ ಹಾಕುತ್ತಿದ್ದ. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟ ನಾನು ಅವನ ಜೊತೆ ಕೆಲಸಕ್ಕೆ ನಿಂತವಳು. ಚಪ್ಪರದ ತಂತಿ ಬಿಗಿಯುವುದರಲ್ಲಿ ಅವನ ಕೈಗೆ ಹೆಸರಿತ್ತು. ಶಿಡ್ಲಘಟ್ಟ, ಚಿಂತಾಮಣಿ ಕಡೆಯವರೂ ಬಂದು ಕರೆದೊಯ್ಯುತ್ತಿದ್ದರು. ಬಿಗಿದ ತಂತಿಯನ್ನು ಬೆರಳಿನಿಂದ ಮೀಟಿ, ಸದ್ದು ಕೇಳಿ, ಸಾಕು ಎನ್ನುತ್ತಿದ್ದ.

ಚಪ್ಪರದ ಎಳೆತವೆಲ್ಲ ಮೂಲೆಗಂಬಗಳ ಮೇಲೆ. ಅವು ಒಳಕ್ಕೆ ವಾಲದಂತೆ ಹೊರಗಡೆ ದಪ್ಪ ಕಲ್ಲೊಂದನ್ನು ಆಳಕ್ಕೆ ಹೂತು, ಅದಕ್ಕೆ ಕಂಬವನ್ನು ತಂತಿಯಿಂದ ಎಳೆದು ಕಟ್ಟುತ್ತಾರೆ. ಮೂರು ಮೂಲೆಯ ಗುಂಡಿ ಅಣ್ಣನೇ ತೋಡಿದ. ನಾಲ್ಕನೆಯದಕ್ಕೆ ನಾನು ಅವನ ಕೈಯಿಂದ ಹಾರೆ ಕಿತ್ತುಕೊಂಡೆ.

"ನಿನ್ ಕೈಲಾಗಲ್ಲ ಬಿಡಮ್ಮ" ಎಂದು ನಕ್ಕ.

"ನೀನು ಪೇಟೆಯಿಂದ ಇನ್ನೊಂದು ಸುರುಳಿ ತಂತಿ ತರೋದ್ರೊಳಗೆ ಕಲ್ಲು ಹೂತಿರ್ತೀನಿ, ನೋಡ್ತಿರು!"

ಸೊಂಟದ ಆಳಕ್ಕೆ ಹಾರೆ ಠಣ್ ಎಂದಿತು. ಆಮೇಲೆ ಎಷ್ಟು ಕುಕ್ಕಿದರೂ ಹಿಡಿ ಮಣ್ಣು ಏಳಲಿಲ್ಲ. ಅಂಗೈ ಬೊಬ್ಬೆಗಳು ಒಡೆದವು. ತಂತಿ ಸುತ್ತಿದ ಕಲ್ಲನ್ನು ಹಾಗೇ ಉರುಳಿಸಿ, ಮಣ್ಣೆಳೆದು, ತುಳಿದೆ.

ಅಣ್ಣ ಬರುವ ಹೊತ್ತಿಗೆ ಅಮ್ಮ ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದಳು. ಮೂಲೆಗಲ್ಲಿಗೆ ಪೂಜೆಯಾದ ಮೇಲೆ ನಮ್ಮ ಮನೆಯಲ್ಲಿ ಯಾರೂ ಆ ಮಣ್ಣು ಕೆದಕುವುದಿಲ್ಲ.

"ಎದೆ ಮುಟ್ತೇನೇ?" ಎಂದ ಅಣ್ಣ.

"ಹ್ಞೂ ಕಣಣ್ಣ, ಮುಟ್ತು."

ಕುಂಕುಮ ಮಣ್ಣಿಗೆ ಬೀಳುವ ಮುಂಚೆ ನಿಜ ಹೇಳಬಹುದಿತ್ತು. ಬೊಬ್ಬೆ ಒಡೆದ ಅಂಗೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ.

ಬಳ್ಳಿ ಚಪ್ಪರ ತುಂಬಿ, ಮೊದಲ ದೊಡ್ಡ ಫಸಲು ಬಣ್ಣ ತಿರುಗುತ್ತಿದ್ದಾಗ ಒಂದು ಸಂಜೆ ಗಾಳಿಮಳೆ ಬಂತು. ನಾವು ಓಡಿಹೋಗುವಷ್ಟರಲ್ಲಿ ನಾಲ್ಕನೇ ಮೂಲೆಯ ಕಲ್ಲು ಮೇಲೆದ್ದು ಕೂತಿತ್ತು. ಕಿತ್ತ ಜಾಗದಲ್ಲಿ ಕೆಸರು ತುಂಬಿ ಆಳ ಕಾಣುತ್ತಿರಲಿಲ್ಲ. ಮೂಲೆಗಂಬ ವಾಲಿತು, ಪಕ್ಕದ್ದನ್ನೂ ಎಳೆಯಿತು, ಅದು ಮುಂದಿನದನ್ನು. ಅಣ್ಣ ಕವೆಗೋಲು ಕೊಟ್ಟು ಹೆಗಲಿನಿಂದ ಎತ್ತಿದ. ನಾನು ಎರಡು ಕೈಯಲ್ಲೂ ತಂತಿ ಹಿಡಿದು ನಿಂತೆ. ಚಪ್ಪರ ನಿಧಾನವಾಗಿ ನಮ್ಮ ತಲೆಯ ಮೇಲೆ ಇಳಿಯುತ್ತಲೇ ಇತ್ತು. ಕೊನೆಗೆ ಇಬ್ಬರೂ ತೆವಳಿಕೊಂಡು ಹೊರಗೆ ಬಂದೆವು; ಫಸಲಿನ ಸಮೇತ ಚಪ್ಪರ ನೆಲ ಕಚ್ಚಿತು.

"ನಾನೇ ತಂತಿ ಜಾಸ್ತಿ ಬಿಗಿದ್ಬಿಟ್ಟೆ" ಎಂದ ಅಣ್ಣ.

ಬಂದವರಿಗೆಲ್ಲ ಅದನ್ನೇ ಹೇಳಿದ. ಮತ್ತೆ ಯಾರ ತೋಟಕ್ಕೂ ಹೋಗಲಿಲ್ಲ. ಮನೆಯಲ್ಲಿ ಬಟ್ಟೆ ಒಣಗಿಸುವ ತಂತಿ ಜೋತುಬಿದ್ದರೂ ನನ್ನನ್ನೇ ಕರೆಯುತ್ತಿದ್ದ. ನಾನು ಎಳೆದು ಕಟ್ಟಿ ಒಳಗೆ ಹೋಗುತ್ತಿದ್ದೆ.

ಕೆಲವು ವರ್ಷಗಳಾದ ಮೇಲೆ ಗೌರಿಬಿದನೂರು ಕಡೆಯ ರೈತರೊಬ್ಬರು ತಮ್ಮ ಹೊಸ ಚಪ್ಪರಕ್ಕೆ ಅಣ್ಣನನ್ನು ಕರೆಯಲು ಮನೆಗೆ ಬಂದರು.

"ಬ್ಯಾಡ ಸ್ವಾಮಿ, ನನ್ ಕೈ ಸರಿಯಿಲ್ಲ. ನನ್ ಚಪ್ಪರಾನೇ ಬೀಳಿಸ್ಕೊಂಡೋನು ನಾನು."

"ಬಿದ್ರೆ ನಾನೇ ತಲೆ ಮೇಲೆ ಹೊತ್ಕೊಂಡ್ ನಿಂತ್ಕೋತೀನಿ, ಬಾರಪ್ಪ!" ಎಂದು ಅವರು ನಕ್ಕರು.

ಅಣ್ಣ ನಗಲಿಲ್ಲ. ಎರಡೂ ಅಂಗೈ ತಿರುಗಿಸಿ ನೋಡಿಕೊಂಡ. ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ನನಗೆ ಅದನ್ನು ನೋಡಲಾಗಲಿಲ್ಲ.

"ಅಣ್ಣಾ, ನಿನ್ ಕೈ ಸರಿಯಾಗೇ ಇತ್ತು. ಗುಂಡಿ ಎದೆ ಮುಟ್ಟಿರ್ಲಿಲ್ಲ. ಸೊಂಟಕ್ಕೇ ನಿಲ್ಲಿಸಿ ಸುಳ್ಳು ಹೇಳ್ದೆ. ತಪ್ಪಾಯ್ತು ಕಣಣ್ಣ, ನನ್ನ ಕ್ಷಮಿಸ್ಬಿಡು."