ಪಿಚ್ಚರ್ ಯಾವಾಗ ಚಾಲೂ ಆಗ್ತೈತ್ರಿ?

ಇದು ಮೂರು ವರ್ಷದ ಹಿಂದಿನ ಮಾತು. ಆಗ ನಾನು ಬೆಂಗಳೂರಿನ ಕೆಲಸಗಳನ್ನು ಒಂದೊಂದಾಗಿ ಮುಗಿಸಿ ರಾಣೆಬೆನ್ನೂರಿಗೆ ಮರಳಿದ್ದೆ. ವೃತ್ತಿಯಲ್ಲಿ ನಾನು ಇಲಸ್ಟ್ರೇಟರ್. ವಾರಪತ್ರಿಕೆಯ ಕಥೆಗಳಿಗೆ, ಮಕ್ಕಳ ಪುಸ್ತಕಗಳಿಗೆ, ಜಾಹೀರಾತುಗಳಿಗೆ ಚಿತ್ರ ಬರೆದು ಹೊಟ್ಟೆ ಹೊರೆದವಳು. ಕೊನೆಯ ಹತ್ತು ವರ್ಷ ಮಾತ್ರ ಗ್ಯಾಲರಿಗಳಲ್ಲಿ ಪ್ರದರ್ಶನ ಮಾಡುವ ಧೈರ್ಯ ಬಂದಿತ್ತು. ನನ್ನ ಕೆಲಸವನ್ನು ಅಲ್ಲಿಯವರು ಪಾಪ್ ಆರ್ಟ್ ಎನ್ನುತ್ತಿದ್ದರು. ಸಿನಿಮಾ ಪೋಸ್ಟರು, ಕಾಮಿಕ್ಸು, ಬೆಂಕಿಪೊಟ್ಟಣದ ಲೇಬಲ್ಲು, ಹೀಗೆ ಜನ ದಿನವೂ ನೋಡುವ ಚಿತ್ರಗಳ ವರಸೆಯಲ್ಲೇ ಹೊಸ ಚಿತ್ರ ಬರೆಯುವುದು ಎಂದು ಅದರ ಅರ್ಥ.

ಊರಿಗೆ ಬಂದ ಮೇಲೆ ಮಾಡಿದ ಮೊದಲ ಸರಣಿಯಲ್ಲಿ ಇಪ್ಪತ್ತನಾಲ್ಕು ಚಿತ್ರಗಳಿದ್ದವು. ಎಲ್ಲವೂ ಇಲ್ಲದ ಸಿನಿಮಾಗಳ ಪೋಸ್ಟರುಗಳು. ನಾಯಕ ನಾಯಕಿಯರು ಮಾತ್ರ ನಮ್ಮ ಕಡೆಯ ನಿಜವಾದ ಜನ. ಕುಮಾರಪಟ್ಟಣದ ಫ್ಯಾಕ್ಟರಿ ಗೇಟಿನೆದುರು ಮಿರ್ಚಿ ಕರಿಯುವವರು, ಗಳಗನಾಥದ ಹೊಳೆಯಲ್ಲಿ ಮೀನು ಹಿಡಿಯುವವರು, ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ನೀಲವ್ವ. ಒಬ್ಬೊಬ್ಬರನ್ನೂ ಒಂದು ತಾಸು ನಿಲ್ಲಿಸಿ ಫೋಟೊ ತೆಗೆದುಕೊಂಡು ಬರುತ್ತಿದ್ದೆ, ಮನೆಯಲ್ಲಿ ಕೂತು ಬಣ್ಣ ಹಚ್ಚುತ್ತಿದ್ದೆ. ನೀಲವ್ವನನ್ನು ಕೆಂಪು ಕಾಯಿಯ ರಾಶಿಯ ಮೇಲೆ ನಿಲ್ಲಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಣ್ಣಿಗೆ ಕರಿ ಚಸ್ಮಾ ಏರಿಸಿದ್ದೆ. ಮೇಲೆ ಉರಿಯುವ ಅಕ್ಷರಗಳಲ್ಲಿ ‘ಕೆಂಪು ಘಾಟು’. ಬೆಂಗಳೂರಿನ ಗ್ಯಾಲರಿಯಲ್ಲಿ ಎಲ್ಲರೂ ಅದರ ಮುಂದೆಯೇ ನಿಂತು ಸೆಲ್ಫಿ ತೆಗೆದುಕೊಂಡರು. ನನಗೆ ಕೊಂಬು ಬರಲು ಅಷ್ಟು ಸಾಕಾಗಿತ್ತು.

ಅದೇ ಹುಮ್ಮಸ್ಸಿನಲ್ಲಿ ಹಾವೇರಿಯಲ್ಲೊಂದು ಹಾಲ್ ಹಿಡಿದೆ. ಪ್ರಚಾರಕ್ಕೆ ನೀಲವ್ವನ ಚಿತ್ರವನ್ನೇ ದೊಡ್ಡದಾಗಿ ಅಚ್ಚು ಹಾಕಿಸಿ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಬಸ್ ನಿಲ್ದಾಣದ ಹತ್ತಿರ, ಆಚೀಚೆಯ ಊರುಗಳಲ್ಲೂ ಅಂಟಿಸಿದೆವು. ಕೆಳಗೆ ನಾನೇ ಬರೆದ ಸಾಲುಗಳಿದ್ದವು: ‘ನಾಯಕಿ: ನೀಲವ್ವ. ಭಾನುವಾರ ಬೆಳಿಗ್ಗೆ 11ಕ್ಕೆ ಹಾವೇರಿಯಲ್ಲಿ ಚಿತ್ರ ಪ್ರದರ್ಶನ. ಪ್ರವೇಶ ಉಚಿತ.’ ಅಕ್ಷರಗಳ ದಪ್ಪ, ನಡುವಿನ ಅಂತರ ಎಲ್ಲವನ್ನೂ ನಾಲ್ಕು ಸಲ ನೋಡಿದ್ದೆ. ಅರ್ಥವನ್ನು ಒಂದು ಸಲವೂ ನೋಡಿರಲಿಲ್ಲ.

ಶುಕ್ರವಾರ ನೀಲವ್ವ ಫೋನ್ ಮಾಡಿದಳು. ದನಿಯಲ್ಲಿ ಸಂಭ್ರಮ ತುಂಬಿ ತುಳುಕುತ್ತಿತ್ತು. “ಅಕ್ಕಾರ, ನಮ್ಮ ಮೈದುನ ಟ್ರ್ಯಾಕ್ಟರ್ ಮಾಡ್ಕೊಂಡು ಬರಾಕತ್ಯಾನ್ರಿ. ಹಲಗೇರಿಯಿಂದ ನಮ್ಮ ಮಂದಿ ಎಲ್ಲಾ ಬರ್ತಾರ. ನಾ ಕೂಲಿಗೆ ಬ್ಯಾಡಗಿಗೆ ಬಂದಾಗಿಂದ ಒಬ್ರೂ ನನ್ನ ಮನಿ ಕಡೆ ಹಾದಿಲ್ರಿ. ಮನಿತನದ ಮಾನ ಕಳದಿ ಅಂದಿದ್ರು. ಈಗ ನೋಡ್ರಿ, ತಾವಾಗೇ ಫೋನ್ ಮಾಡ್ಯಾರ!” ನನಗೂ ಕಣ್ಣು ತುಂಬಿ ಬಂತು. ಕಲೆಗೆ ಎಂಥ ಶಕ್ತಿ ಇದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಭಾನುವಾರ ಹತ್ತೂವರೆಗೆ ಹಾಲ್ ತುಂಬಿತು. ಗ್ಯಾಲರಿಗೆ ಬಂದವರು ನಿಂತು ನೋಡುತ್ತಾರೆ, ಹಿಂದೆ ಸರಿದು ನೋಡುತ್ತಾರೆ, ಗದ್ದ ಹಿಡಿದುಕೊಂಡು ನೋಡುತ್ತಾರೆ. ಇವರು ಒಳಗೆ ಬಂದವರೇ ಗೋಡೆಯ ಚಿತ್ರಗಳನ್ನು ಒಂದು ಸುತ್ತು ನೋಡಿ, ಚಿತ್ರ ತೂಗುಹಾಕದೆ ಉಳಿದಿದ್ದ ಒಂದೇ ಬಿಳಿಗೋಡೆಗೆ ಎದುರಾಗಿ ಸಾಲಾಗಿ ನೆಲದ ಮೇಲೆ ಕೂತರು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಮುಂದಿನ ಸಾಲಿನಲ್ಲಿ ಹೊಸ ಸೀರೆಯುಟ್ಟ ನೀಲವ್ವ, ಪಕ್ಕದಲ್ಲಿ ಅವಳ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಶಾಂತವ್ವ. ಹನ್ನೊಂದು ದಾಟಿತು. ಮೈದುನ ಫಕ್ಕೀರಪ್ಪ ಎದ್ದು ಬಂದು ಮೆಲ್ಲಗೆ ಕೇಳಿದ, “ಬಾಯಾರ, ಪಿಚ್ಚರ್ ಯಾವಾಗ ಚಾಲೂ ಆಗ್ತೈತ್ರಿ? ಪರದೆ ಕಟ್ಟೂದು ಇನ್ನೂ ಐತೇನು?”

ಚಿತ್ರ ಎಂದರೆ ಸಿನಿಮಾ ಕೂಡ. ಪ್ರದರ್ಶನ ಎಂದರೆ ಷೋ ಕೂಡ. ಮೂವತ್ತು ವರ್ಷ ಕನ್ನಡದ ಅಕ್ಷರಗಳನ್ನು ಬಣ್ಣ ಬಣ್ಣವಾಗಿ ಬರೆದ ನನಗೆ ಆ ಗಳಿಗೆಯಲ್ಲಿ ಅದು ಹೊಳೆಯಿತು. ನೀಲವ್ವನನ್ನು ಬಾಗಿಲ ಹತ್ತಿರ ಕರೆದು ಕೇಳಿದೆ, “ನಿನಗಾದರೂ ಗೊತ್ತಿರಲಿಲ್ಲವೇನೇ? ನಾನು ಬರೇ ಫೋಟೊ ತೆಗೆದದ್ದಲ್ಲವಾ?”

“ಉಳದದ್ದೆಲ್ಲಾ ಈಗ ಕಂಪ್ಯೂಟರ್‌ನಾಗ ಮಾಡ್ತಾರಂತಲ್ರಿ” ಎಂದಳು. ಆಮೇಲೆ ನನ್ನ ಮುಖ ನೋಡಿದಳು. ಅವಳಿಗೆ ತಿಳಿಯಿತು. ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ತನ್ನವರ ಕಡೆ ತಿರುಗಿ ನೋಡಿದಳು. ಅಷ್ಟು ವರ್ಷಗಳ ಮೇಲೆ ಬಂದ ಜನ ನಗುತ್ತಾ ಎದ್ದು ಹೋದರೆ ಮತ್ತೆ ಬರುವುದಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಾನು ಮುಂದೆ ನಿಂತು ಕೈಮುಗಿದೆ. ಸಿನಿಮಾ ಇಲ್ಲ, ಇವು ಬರೆದ ಚಿತ್ರಗಳು ಮಾತ್ರ, ತಪ್ಪು ನನ್ನದು, ನೀಲವ್ವನದ್ದೇನೂ ಇಲ್ಲ ಎಂದೆ. ಗುಸುಗುಸು ಎದ್ದಿತು. “ಅಂದ್ರ ನಮ್ಮನ್ನ ಮಂಗ್ಯಾ ಮಾಡಿದ್ರೇನ್ರಿ?” ಎಂದು ಫಕ್ಕೀರಪ್ಪ ಟವೆಲ್ ಕೊಡವಿ ಎದ್ದ. ಹಿಂದಿನ ಸಾಲಿನವರು ಚಪ್ಪಲಿ ಹುಡುಕತೊಡಗಿದರು.

ಶಾಂತವ್ವ ಮಾತ್ರ ಕದಲಲಿಲ್ಲ. “ಪಿಚ್ಚರ್ ಇಲ್ಲಂದ್ರ ಬಿಡ್ರಿ. ಅದರ ಕಥಿ ಏನರ ಐತೋ ಇಲ್ಲೋ?” ಎಂದಳು.

ಇಪ್ಪತ್ತನಾಲ್ಕು ಪೋಸ್ಟರುಗಳಲ್ಲಿ ಒಂದಕ್ಕೂ ಕಥೆ ಇರಲಿಲ್ಲ. ಇದುವರೆಗೆ ಯಾರೂ ಕೇಳಿರಲಿಲ್ಲ, ನಾನೂ ಯಾರನ್ನೂ ಕೇಳಿರಲಿಲ್ಲ.

“ಕಥಿ ಐತಿ. ನಾ ಹೇಳ್ತೇನಿ, ಕುಂದ್ರಿ” ಎಂದು ನೀಲವ್ವ ತನ್ನ ಪೋಸ್ಟರಿನ ಪಕ್ಕ ಹೋಗಿ ನಿಂತಳು. ಎದ್ದವರೂ ಮತ್ತೆ ಅತ್ತ ತಿರುಗಿ ಕೂತರು. ಒಬ್ಬ ದಲಾಲಿ ಅಂಗಡಿಯವನು ಹೋದ ವರ್ಷದ ಹಳೆಕಾಯಿಯನ್ನು ಚೀಲದ ತಳಕ್ಕೆ ತುಂಬಿ ಮೇಲೆ ಹೊಸಕಾಯಿ ಹಾಕಿಸಿದ್ದನಂತೆ. ನಾಯಕಿ ಕಣ್ಣುಮುಚ್ಚಿ ಚೀಲದೊಳಗೆ ರಟ್ಟೆಮಟ ಕೈ ಇಳಿಸಿ ಮುಷ್ಟಿ ಹಿಡಿದರೆ ಸಾಕು, ಸಪ್ಪಳದಿಂದಲೇ ಹಳತು ಯಾವುದು ಹೊಸತು ಯಾವುದು ಎಂದು ಹೇಳಬಲ್ಲವಳು. ಕೊಳ್ಳಲು ಬಂದವರ ಮುಂದೆಯೇ ಹೇಳಿಬಿಟ್ಟಳು. ನಾಳೆಯಿಂದ ಬರಬೇಡ ಎಂದ ಅಂಗಡಿಯವನು. ಮರುದಿನ ಅವಳ ಸಾಲಿನಲ್ಲಿ ಕೂತು ತೊಟ್ಟು ಬಿಡಿಸುವ ಹೆಂಗಸರು ಯಾರೂ ಕಾಯಿ ಮುಟ್ಟಲಿಲ್ಲ. ಇಷ್ಟು ಹೇಳಿ ನೀಲವ್ವ ಉಸಿರು ತೆಗೆದುಕೊಂಡಾಗ ಯಾರೋ “ಇಂಟರ್‌ವಲ್!” ಎಂದು ಕೂಗಿದರು. ಹಾಲ್ ಗೊಳ್ಳೆಂದು ನಕ್ಕಿತು. ಆದರೆ ಯಾರೂ ಏಳಲಿಲ್ಲ.

“ಮುಂದ ಏನಾತಕ್ಕಾ?” ಶಾಂತವ್ವ ಒಂದು ಮಾರು ಮುಂದೆ ಸರಿದು ಕೂತಿದ್ದಳು.

“ಮೂರನೇ ದಿನ ಅಂಗಡಿಯಾಂವ ತಾನ ನಮ್ಮ ಮನಿಗೆ ಬಂದು ಕರದ. ನಾ ಒಬ್ಬಾಕಿ ಬರೂದಿಲ್ಲ, ನನ್ನ ಸಾಲಿನವ್ರೆಲ್ಲಾ ಬರ್ತಾರ ಅಂದೆ” ಎಂದಳು ನೀಲವ್ವ. ಆಗಲೇ ಅವಳು ನಾಯಕಿ ಎನ್ನುವುದನ್ನು ಬಿಟ್ಟು ನಾನು ಎನ್ನುತ್ತಿದ್ದಳು. ಆಮೇಲೆ ಪೋಸ್ಟರಿಗೆ ಬೆರಳು ತೋರಿಸಿ, “ಈ ಚಸ್ಮಾ ಸುಳ್ಳ ನೋಡ್ರಿ. ಘಾಟಿಗೆ ನಾವು ಸೆರಗಿಂದ ಮೂಗು ಬಾಯಿ ಕಟಗೊಂಡ ಇರ್ತೇವಿ. ಅಕ್ಕಾರು ಬಂದ ದಿನ ಬಿಚ್ಚರಿ ಅಂದ್ರು, ಬಿಚ್ಚಿದೆ” ಎಂದಳು. ಎಲ್ಲರೂ ನನ್ನ ಕಡೆ ತಿರುಗಿ ನಕ್ಕರು. ನಾನೂ ನಕ್ಕೆ, ನಾಚಿಕೆಯೂ ಆಯಿತು.

ಎಲ್ಲರೂ ಹೊರಡುವಾಗ ಫಕ್ಕೀರಪ್ಪ ಟ್ರ್ಯಾಕ್ಟರ್ ಹತ್ತಿರ ನಿಂತಿದ್ದ. ತಲೆ ತಗ್ಗಿಸಿಕೊಂಡೇ ಅತ್ತಿಗೆಗೆ ಹೇಳಿದ, “ವೈನಿ, ಬಸ್ಸಿಗೆ ಯಾಕ ಹೋಗ್ತೀರಿ, ಹತ್ರಿ. ಬ್ಯಾಡಗಿ ಮ್ಯಾಲ ಹೋಗೂಣು. ನಿಮ್ಮ ಮನ್ಯಾಗ ಚಹಾ ಕುಡದು ಮುಂದ ಹೋಗ್ತೇವಿ.” ಶಾಂತವ್ವ ಕೈಕೊಟ್ಟು ನೀಲವ್ವನನ್ನು ಟ್ರೇಲರಿಗೆ ಹತ್ತಿಸಿಕೊಂಡಳು.

ಒಬ್ಬರ ಮುಖ ಬರೆದು ಕೆಳಗೆ ನಾಯಕಿ ಎಂದು ಬರೆಯುವುದಾದರೆ ಅವರ ಕಥೆಯನ್ನು ಮೊದಲು ಕೇಳಿರಬೇಕು. ಯಾವ ಕಲಾಶಾಲೆಯಲ್ಲೂ ನಾನು ಕಲಿಯದ ಈ ಪಾಠವನ್ನು ಹಲಗೇರಿಯ ಶಾಂತವ್ವ ಒಂದೇ ಪ್ರಶ್ನೆಯಲ್ಲಿ ಕಲಿಸಿದಳು. ಮುಂದಿನ ತಿಂಗಳುಗಳಲ್ಲಿ ಉಳಿದ ಇಪ್ಪತ್ತಮೂರು ಜನರ ಮನೆಗಳಿಗೂ ಹೋಗಿ ಕೂತೆ. ಕೇಳಿದ ಮೇಲೆ ಹನ್ನೊಂದು ಚಿತ್ರಗಳನ್ನು ಮೊದಲಿನಿಂದ ಬರೆಯಬೇಕಾಯಿತು. ನೀಲವ್ವನದ್ದನ್ನು ಎಲ್ಲಕ್ಕಿಂತ ಮೊದಲು ಬರೆದೆ. ಈಗ ಅದರಲ್ಲಿ ಅವಳ ಮೂಗು, ಬಾಯಿ ಎಲ್ಲಾ ಸೆರಗಿನಲ್ಲಿ ಮುಚ್ಚಿವೆ, ಕಾಣುವುದು ಎರಡು ಕಣ್ಣು ಮಾತ್ರ. ಹಲಗೇರಿಯವರು ದೂರದಿಂದಲೇ ನೋಡಿ, ಇದು ನಮ್ಮ ನೀಲವ್ವ ಎನ್ನುತ್ತಾರೆ.