ಅಣ್ಣನ ವ್ರತ

ಸೂಜಿಯಕ್ಕ ಎಂಬ ಹೆಸರು ತನಗೆ ಹೊಲಿಗೆಯಿಂದ ಬಂತೆಂದು ಅವಳು ತಿಳಿದಿದ್ದಳು. ನಾಲಿಗೆಯಿಂದ ಬಂತೆಂದು ಬೀದಿಯವರೆಲ್ಲ ತಿಳಿದಿದ್ದರು. ಚರ್ಚಿನ ಹಿಂದಿನ ಓಣಿಯಲ್ಲಿ ಒಂದೇ ಕಿಟಕಿಯ ಅಂಗಡಿ ಅವಳದು. ಕಿಟಕಿಯ ಬೆಳಕು ಬೀಳುವ ಕಡೆ ಹೊಲಿಗೆ ಯಂತ್ರ, ಬೀಳದ ಕಡೆ ಇಸ್ತ್ರಿ ಮೇಜು. ಗಿರಾಕಿ ಬಂದು "ಸೊಂಟ ಯಾಕೋ ಬಿಗಿ ಆಗಿದೆ" ಎಂದರೆ, "ಬಟ್ಟೆ ಕುಗ್ಗಿಲ್ಲ ತಾಯಿ, ನೀವು ಊದಿದ್ದೀರಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುವಳು. ಆದರೂ ಗಿರಾಕಿಗಳು ಅವಳನ್ನು ಬಿಡುತ್ತಿರಲಿಲ್ಲ. ಅವಳು ಹಾಕಿದ ಹೊಲಿಗೆ ಬಿಡುತ್ತಿರಲಿಲ್ಲವಲ್ಲ, ಅದಕ್ಕೆ.

ಅಂಥವಳ ಬಾಯಿ ಮುಚ್ಚಿಸಬಲ್ಲವನು ಒಬ್ಬನೇ, ಅವಳ ಅಣ್ಣ. ಬಡಗಿ. ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ಹೋದಾಗ ಅವಳಿನ್ನೂ ಜಡೆ ಹೆಣೆದುಕೊಳ್ಳಲು ಬಾರದ ಹುಡುಗಿ. ಜಡೆ ಹೆಣೆದವನು ಅವನು, ಮದುವೆ ಮಾಡಿ ಕೊಟ್ಟವನು ಅವನು, ಅವಳ ಗಂಡ ತೀರಿಕೊಂಡಾಗ ಹೊಲಿಗೆ ಯಂತ್ರವನ್ನು ಹೆಗಲ ಮೇಲೆ ಹೊತ್ತು ತಂದು ಕೂರಿಸಿದವನೂ ಅವನೇ. ತಾನು ಮಾತ್ರ ಮದುವೆಯಾಗಲಿಲ್ಲ. ಕೇಳಿದರೆ, "ನಿನ್ನೊಬ್ಬಳನ್ನ ಸಾಕೋದ್ರಲ್ಲೇ ಸುಸ್ತಾಗೋಯ್ತು ಕಣೇ" ಎಂದು ನಗುವನು. ಕೊಟ್ಟು ಗೊತ್ತಿದ್ದ ಕೈ ಅದು, ಬೇಡಿ ಗೊತ್ತಿರಲಿಲ್ಲ.

ಆ ವರ್ಷ ತಪಸ್ಸುಕಾಲ ಬಂತು. ಈಸ್ಟರ್‌ಗೆ ಮುಂಚಿನ ಆ ನಲವತ್ತು ದಿನ ಚರ್ಚಿನವರೆಲ್ಲ ಒಂದಲ್ಲ ಒಂದನ್ನು ಬಿಡುತ್ತಾರೆ, ಬಿಟ್ಟದ್ದನ್ನು ನಾಲ್ಕು ಜನಕ್ಕೆ ಹೇಳುವುದನ್ನು ಮಾತ್ರ ಯಾರೂ ಬಿಡುವುದಿಲ್ಲ. ಫಾದರ್ ಸಿಹಿ ಬಿಟ್ಟರು. ಬೇಕರಿಯವನು ಸಿಗರೇಟು ಬಿಟ್ಟೆನೆಂದ, ಹೊಗೆ ಹಿತ್ತಲಿಂದ ಬರುತ್ತಲೇ ಇತ್ತು. ಸೂಜಿಯಕ್ಕ ಜಗಳ ಬಿಡುತ್ತೇನೆಂದವಳು ಮೊದಲ ದಿನವಾದ ಬೂದಿ ಬುಧವಾರ ಮುಗಿಯುವುದರೊಳಗೇ ಹಾಲಿನವನ ಜೊತೆ ಕಿತ್ತಾಡಿದಳು. ಅಣ್ಣ ಎಲ್ಲರನ್ನೂ ಮೀರಿಸಿದ. ಮಾಂಸ ಬಿಟ್ಟ, ಟೀ ಬಿಟ್ಟ, ಬಸ್ಸು ಬಿಟ್ಟು ನಡೆದ. ಚಳಿ ಇನ್ನೂ ಹಲ್ಲು ಕಟಕಟಿಸುವಷ್ಟು ಇರುವಾಗಲೇ ಕೋಟನ್ನೂ ಬಿಟ್ಟ.

ಬರೀ ಅಂಗಿಯಲ್ಲಿ ಬಂದು ಮೊದಲ ಬೆಂಚಿನಲ್ಲಿ ಕೂತವನನ್ನು ತೋರಿಸಿ ಫಾದರ್ ಪ್ರವಚನದಲ್ಲೇ, "ತ್ಯಾಗ ಅಂದ್ರೆ ಏನು ಅಂತ ನಮ್ಮ ಬಡಗಿಯವರನ್ನ ನೋಡಿ ಕಲೀರಿ" ಎಂದರು. ಇಡೀ ಚರ್ಚು ಕತ್ತು ಚಾಚಿ ನೋಡಿತು. ಅಣ್ಣ ತಲೆ ತಗ್ಗಿಸಿದ. ಎಂಥಾ ವಿನಯ ಎಂದು ಜನ ಪಿಸುಗುಟ್ಟಿದರು. ಸೂಜಿಯಕ್ಕನಂತೂ ಹಿಗ್ಗಿ ಹೀರೇಕಾಯಿಯಾದಳು.

ಭಾನುವಾರ ಪೂಜೆ ಮುಗಿದ ಮೇಲೆ ಅಣ್ಣನ ಊಟ ತಂಗಿಯ ಮನೆಯಲ್ಲಿ. ಅದು ಹಳೆಯ ರೂಢಿ. ಈ ಸಲ ಅವಳು ತನ್ನ ತಟ್ಟೆಗೆ ಮಾಂಸದ ಸಾರು ಹಾಕಿಕೊಂಡು, ಅವನ ಮುಂದೆ ಒಂದು ಬಟ್ಟಲು ತಿಳಿಗಂಜಿ ಇಟ್ಟಳು.

"ಇನ್ನೊಂಚೂರು ಹಾಕ್ಲಾ ಅಂತ ಕೇಳಲ್ಲಪ್ಪ ನಾನು. ನಿನ್ನ ವ್ರತ ಕೆಡಿಸಿದ ಪಾಪ ನನಗ್ಯಾಕೆ?"

"ಹೌದೌದು," ಎಂದ ಅಣ್ಣ, ಬಟ್ಟಲಿನ ತಳವನ್ನು ಬಳಿಯುತ್ತ.

ತಪಸ್ಸುಕಾಲದ ಗುರುವಾರಗಳಂದು ಚರ್ಚಿನ ಸಭಾಂಗಣದಲ್ಲಿ ಬಟ್ಟೆ ದಾನ. ಜನ ಕೊಟ್ಟ ಹಳೆಯ ಕೋಟು, ಸ್ವೆಟರುಗಳು ರಾಶಿ ಬೀಳುತ್ತಿದ್ದವು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬ ಮಾತನ್ನು ಹಿಂದೊಮ್ಮೆ ಇದ್ದ ಫಾದರ್ ಎಷ್ಟು ಗಟ್ಟಿಯಾಗಿ ಹಿಡಿದಿದ್ದರೆಂದರೆ, ಸಭಾಂಗಣದ ನಡುವೆ ನೇರಳೆ ಬಣ್ಣದ ದಪ್ಪ ಪರದೆಯನ್ನೇ ಕಟ್ಟಿಸಿದ್ದರು. ಬೇಕಾದವರು ಹಿಂಬಾಗಿಲಿಂದ ಬಂದು ಆಚೆ ಕೂರಬೇಕು, ಪರದೆಯ ಸೀಳಿನಿಂದ ತೋಳು ಚಾಚಬೇಕು. ಈಚೆ ಕೂತ ದರ್ಜಿ ಅಳತೆ ಹಿಡಿದು, ರಾಶಿಯಿಂದ ಒಂದು ಕೋಟು ಆರಿಸಿ, ತೋಳು ಸರಿಮಾಡಿ ಆಚೆಗೆ ಕೊಡಬೇಕು. ಇಣುಕುವಂತಿಲ್ಲ, ಮಾತಾಡುವಂತಿಲ್ಲ. ಈ ಕೆಲಸಕ್ಕೆ ಯಾವಾಗಲೂ ಕೂರುತ್ತಿದ್ದವನು ಮುದುಕ ದರ್ಜಿಯೊಬ್ಬ, ಕಿವಿಯೂ ಮಂದ. ಸೂಜಿಯಕ್ಕನಂಥ ಬಾಯಿಬಡುಕಿಯನ್ನು ಅಲ್ಲಿಗೆ ಯಾರು ಕರೆದಾರು?

ಆದರೆ ಆ ಗುರುವಾರ ಮುದುಕನಿಗೆ ಜ್ವರ. ಬೇರೆ ದಾರಿಯಿಲ್ಲದೆ ಫಾದರ್ ಅವಳ ಅಂಗಡಿಗೇ ಬಂದರು.

"ಬಾಯಿಗೆ ಬೀಗ ಹಾಕ್ಕೊಂಡು ಕೂತ್ಕೋತೀಯೇನಮ್ಮ?"

"ಅಷ್ಟೂ ಆಗಲ್ವಾ ಫಾದರ್ ನನ್ನ ಕೈಲಿ?"

ಕೂತಳು. ಒಂದು ಮಾತೂ ಆಡಲಿಲ್ಲ. ಕೈಗಳು ಬಂದವು, ಅಳತೆ ಕೊಟ್ಟವು, ಕೋಟು ತೆಗೆದುಕೊಂಡು ಹೋದವು. ಆಮೇಲೆ ಬಂದ ಕೈಗೆ ತೋರುಬೆರಳಿನ ತುದಿ ಇರಲಿಲ್ಲ.

ಅಣ್ಣನ ಹಾಗೆ ಗರಗಸಕ್ಕೆ ಬೆರಳು ಕೊಟ್ಟ ಬಡಗಿಗಳು ಲೋಕದಲ್ಲಿ ಬೇಕಾದಷ್ಟು ಜನ ಎಂದುಕೊಂಡಳು. ಆದರೆ ಅಂಗಿಯ ತೋಳಿನ ಗುಂಡಿ ಅವಳೇ ಹಾಕಿದ್ದು. ಅವಸರದಲ್ಲಿ, ಸಿಕ್ಕಿದ ಬಣ್ಣದ ದಾರದಲ್ಲಿ, ಅಣ್ಣ ಅಂಗಿ ತೊಟ್ಟು ನಿಂತಿದ್ದಾಗಲೇ ಹಾಕಿದ್ದು. ಟೇಪು ಕೈಜಾರಿ ನೆಲಕ್ಕೆ ಬಿತ್ತು.

ಆ ಮಣಿಕಟ್ಟು! ತೊಲೆ ಎತ್ತುತ್ತಿದ್ದ ಕೈ, ಈಗ ಅವಳ ಎರಡು ಬೆರಳಿನ ಹಿಡಿಗೆ ಸಿಗುವಂತಿತ್ತು. ಕೋಟು ಬಿಟ್ಟಿದ್ದಲ್ಲ, ಕೋಟು ಇರಲೇ ಇಲ್ಲ. ಟೀ ಬಿಟ್ಟಿದ್ದಲ್ಲ. ಬಸ್ಸು ಬಿಟ್ಟಿದ್ದಲ್ಲ. ಊರಿಗೆ ಊರೇ ಅಂಗಡಿಯಿಂದ ಸಿದ್ಧ ಮೇಜು ಕುರ್ಚಿ ತರುವ ಕಾಲದಲ್ಲಿ ಈ ಬಡಗಿಗೆ ಕೆಲಸ ಎಲ್ಲಿಂದ ಬರುತ್ತಿದೆ ಎಂದು ಒಬ್ಬರಾದರೂ ಕೇಳಿದ್ದರೇ? ಅವನು ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಟಿಕೊಂಡಿದ್ದರೆ, ಎಲ್ಲರೂ ಸೇರಿ ಅದಕ್ಕೆ ವ್ರತ ಎಂದು ಹೆಸರಿಟ್ಟು ಕೊಂಡಾಡಿದ್ದರು. ಬೇರೆಯವರ ಮಾತಿರಲಿ. ಕಂಡವರ ಸೊಂಟ ಬೆರಳಗಲ ಹೆಚ್ಚಿದರೆ ಕಣ್ಣಳತೆಯಲ್ಲೇ ಹೇಳುವ ಅವಳಿಗೆ ಒಡಹುಟ್ಟಿದವನ ಮೈ ಕರಗಿದ್ದು ಕಾಣಲಿಲ್ಲ. ಹಸಿದವನಿಗೆ ಗಂಜಿ ಇಟ್ಟು, ಅವನೆದುರೇ ಕೂತು ಮಾಂಸ ತಿಂದಿದ್ದಳು. ತಾನು ಎಂಥ ಹೆಂಗಸು ಎಂದು ಅವಳಿಗೆ ದಿಗಿಲಾಯಿತು.

ಬಾಯಿಯ ಬೀಗ ಕಳಚಿಬಿತ್ತು. ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, "ಅಣ್ಣಾ" ಎಂದಳು.

ಕೈ ಹಿಂದಕ್ಕೆ ಎಳೆಯಿತು, ಅವಳು ಬಿಡಲಿಲ್ಲ. ಆಚೆಯಿಂದ ಬೇಕೆಂದೇ ದಪ್ಪ ಮಾಡಿಕೊಂಡ ದನಿಯೊಂದು ಬಂತು.

"ನೀವು ಯಾರನ್ನೋ ಅಂದ್ಕೊಂಡಿದ್ದೀರಿ, ತಾಯಿ. ನನಗೆ ತಂಗಿ ಇಲ್ಲ."

ಕಪಾಳಕ್ಕೆ ಬಾರಿಸಿದಂತಾಯಿತು. ಪರದೆಯನ್ನು ಕಿತ್ತೆಸೆದು, ಇದೇನು ಮಾತು ಅಂತ ಆಡ್ತೀಯ ಎಂದು ಕೂಗಬೇಕೆನ್ನಿಸಿತು. ಕಿತ್ತರೆ ಅಣ್ಣ ಜನ್ಮದಲ್ಲಿ ಮತ್ತೆ ತನ್ನ ಹೊಸಿಲು ತುಳಿಯುವುದಿಲ್ಲ ಎಂಬುದೂ ಅಷ್ಟೇ ಸ್ಪಷ್ಟವಾಗಿ ಗೊತ್ತಾಯಿತು. ಅವಳು ನೆಲದಿಂದ ಟೇಪು ಹೆಕ್ಕಿಕೊಂಡಳು.

"ತಪ್ಪಾಯ್ತು ಯಜಮಾನ್ರೇ," ಎಂದಳು. "ತೋಳು ಚೂರು ನೀಡಿ."

ರಾಶಿಯಲ್ಲೇ ದಪ್ಪನೆಯ ಕೋಟು ಹುಡುಕಿ ಹೊಲಿದು ಕೊಟ್ಟಳು. ಕಣ್ಣು ಮಂಜಾಗಿ ಸೂಜಿ ಎರಡು ಸಲ ಬೆರಳಿಗೇ ಚುಚ್ಚಿತು.

ಭಾನುವಾರ ಅವನು ಊಟಕ್ಕೆ ಬರುತ್ತಾನೋ ಇಲ್ಲವೋ ಎಂದು ಅವಳು ಬಾಗಿಲನ್ನೇ ನೋಡುತ್ತಿದ್ದಳು. ಬಂದ. ಬರೀ ಅಂಗಿಯಲ್ಲೇ ಬಂದ. ಕೋಟು ಮನೆಯೊಳಗಿನ ಚಳಿಗೆ ಮೀಸಲಿರಬೇಕು. ಬಾಗಿಲಲ್ಲಿ ನಿಂತು ಓರೆಗಣ್ಣಲ್ಲಿ ಅವಳ ಮುಖ ನೋಡಿದ. ಅವಳು ಎಂದಿನಂತೆ ಬಾಯಿ ಜೋರು ಮಾಡಿದಳು.

"ಬಾ, ಕೂತ್ಕೋ. ಫಾದರನ್ನ ಕೇಳ್ದೆ ಕಣಣ್ಣ. ಭಾನುವಾರ ಪ್ರಭು ಸಮಾಧಿಯಿಂದ ಎದ್ದು ಬಂದ ದಿನ, ಅವತ್ತು ಹೊಟ್ಟೆ ಕಾಯಿಸಿದ್ರೆ ದೊಡ್ಡ ಪಾಪವಂತೆ. ಇಷ್ಟು ದಿನ ನಿನ್ನ ಕೈಲಿ ಪಾಪ ಮಾಡಿಸ್ಬಿಟ್ನಲ್ಲ ನಾನು!"

ಫಾದರ್ ಹಾಗೇನೂ ಹೇಳಿರಲಿಲ್ಲ. ಸುಳ್ಳಿನ ಲೆಕ್ಕವನ್ನು ಪಾಪನಿವೇದನೆಯಲ್ಲಿ ಒಪ್ಪಿಸಿದರಾಯಿತು ಎಂದುಕೊಂಡು ಸಾರಿನ ಪಾತ್ರೆಯನ್ನೇ ತಂದು ಅವನ ಮುಂದಿಟ್ಟಳು.

"ಪಾಪ ಅಂದ್ಮೇಲೆ ಇನ್ನೇನು ಮಾಡೋದು," ಎಂದು ಅಣ್ಣ ಬ್ರೆಡ್ಡು ಮುರಿದ.

ಅವಳು ಸೌಟು ಹಿಡಿದು ಅವನು ತಿನ್ನುವುದನ್ನೇ ನೋಡುತ್ತ ಕೂತಳು. ಮಾತಿಲ್ಲ, ಸರಿಯಾಗಿ ಅಗಿಯುವುದೂ ಇಲ್ಲ, ನುಂಗುವುದೊಂದೇ. ಅವಳು ಕೇಳದೆ ಬಡಿಸಿದಳು, ಅವನು ಬೇಡವೆನ್ನದೆ ಉಂಡ. ಪಾತ್ರೆ ಬರಿದಾಯಿತು. ಅಣ್ಣ ತಲೆಯೆತ್ತಲಿಲ್ಲ. ಖಾಲಿ ತಟ್ಟೆಯನ್ನೇ ನೋಡುತ್ತ, ಮಗುವಿನಂತೆ ಸಣ್ಣ ದನಿಯಲ್ಲಿ ಕೇಳಿದ:

"ಭಾನುವಾರ ಒಂದಿನ ಮಾತ್ರಾನಾ ಪಾಪ?"