ಆಗುವ ಮೊದಲೇ ಹೇಳಿದ ಸಾಕ್ಷಿ

ಗುರುವಾಯನಕೆರೆಯ ಆ ಪ್ರಾರ್ಥನಾ ಹಾಲ್‌ಗೆ ನಾನು ಮೊದಲ ಸಲ ಹೋದಾಗ ಒಬ್ಬಾತ ಮೈಕ್ ಹಿಡಿದು, ಖಾಲಿ ಕೈಯನ್ನು ಮೇಲೆತ್ತಿ, "ದೇವರು ನನಗೆ ಕಾರು ಕೊಟ್ಟಿದ್ದಾರೆ, ಇದು ಅದರ ಕೀ!" ಎಂದು ಕುಣಿಯುತ್ತಿದ್ದ. ಜನ ಚಪ್ಪಾಳೆ ತಟ್ಟಿದರು. ಆಮೇಲೆ ನೋಡಿದರೆ ಆ ಪುಣ್ಯಾತ್ಮ ನನ್ನ ಜೊತೆಯೇ ಬಸ್ಸಿಗೆ ಕಾದು ನಿಂತಿದ್ದ. ನನಗೆ ತಲೆಬುಡ ತಿಳಿಯಲಿಲ್ಲ.

ಬೀದರಿನ ನಮ್ಮ ಚರ್ಚಿನಲ್ಲಿ ದೇವರು ಕೊಟ್ಟದ್ದು ಕೈಗೆ ಸಿಕ್ಕ ಮೇಲೆ ಎಲ್ಲರ ಮುಂದೆ ನಿಂತು ಸಾಕ್ಷಿ ಹೇಳುತ್ತೇವೆ. ಇಲ್ಲಿ ಸಿಗುವ ಮೊದಲೇ ಸಿಕ್ಕಿತೆಂದು ಸಾರಬೇಕು. ಹಾಗೆ ಸಾರಿದರೆ ಸಿಕ್ಕೇ ಸಿಗುತ್ತದಂತೆ.

ನನ್ನ ಗಂಡ ಸ್ಯಾಮುವೇಲನಿಗೆ ಪುಂಜಾಲಕಟ್ಟೆಯ ಹತ್ತಿರ ಕೆಂಪುಕಲ್ಲು ಕೊಯ್ಯುವ ಕೆಲಸ ಸಿಕ್ಕಿತೆಂದು ಬಂದವರು ನಾವು. ಅಲ್ಲಿ ಜೋಳದ ರೊಟ್ಟಿ, ಇಲ್ಲಿ ಕುಚ್ಚಲಕ್ಕಿ ಗಂಜಿ, ನಾಲಿಗೆ ಒಗ್ಗಿಕೊಂಡಿತು. ಅಂಗಡಿಯಲ್ಲಿ ಎಲ್ಲರೂ ತುಳು ಮಾತಾಡುವಾಗ ಪೆದ್ದಿಯಂತೆ ನಿಲ್ಲುವುದಕ್ಕೂ ಒಗ್ಗಿಕೊಂಡೆ. ಸ್ಯಾಮುವೇಲ ಬೀದರಿನಲ್ಲೂ ನನ್ನನ್ನು ಹೊಡೆಯುತ್ತಿದ್ದ, ಆದರೆ ಅತ್ತೆ ಅಡ್ಡ ಬರುತ್ತಿದ್ದರು. ಇಲ್ಲಿ ಅಡ್ಡ ಬರುವವರಿಲ್ಲ. ಬೆಲ್ಟು, ಸೌಟು, ಕೈಗೆ ಸಿಕ್ಕಿದ್ದರಲ್ಲಿ ಬಾರಿಸುತ್ತಿದ್ದ.

ಹಾಲ್‌ನಲ್ಲಿ ಪಾಸ್ಟರು ನನ್ನನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿ, "ನೀವು ರಾಜನ ಮಗಳು. ಕೊರತೆ ಅಂತ ಬಾಯಲ್ಲಿ ಹೇಳಬಾರದು, ಆಯ್ತು ಅಂತಲೇ ಹೇಳಬೇಕು" ಎಂದರು. ನೀವು ನಗಬಹುದು. ಹುಟ್ಟಿದಾಗಿನಿಂದ ನನಗೆ ಅಂಥ ಮಾತು ಯಾರೂ ಹೇಳಿರಲಿಲ್ಲ. ಅಳು ತಡೆಯಲಾಗಲಿಲ್ಲ.

ಒಂದು ಭಾನುವಾರ ನಾನೂ ಮೈಕ್ ಹಿಡಿದೆ. ಇಲ್ಲಿ ಕಲಿತ ಕನ್ನಡದಲ್ಲೇ, "ನನ್ನ ಗಂಡ ಹೊಡೆಯುವುದು ಬಿಟ್ಟಿದ್ದಾರೆ. ನಮಗೆ ಸ್ವಂತ ಮನೆ ಉಂಟು" ಎಂದೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಸುದ್ದಿ ಅವನು ಕಲ್ಲು ಕೊಯ್ಯುವ ಕೋರೆ ಮುಟ್ಟಿತು. ಅವನು ಹೆಂಡತಿಗೆ ಹೊಡೆಯುತ್ತಾನೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಿಟ್ಟನೆಂದು ಸಾರಲು ಹೋಗಿ, ಇಷ್ಟು ದಿನ ಹೊಡೆಯುತ್ತಿದ್ದುದನ್ನು ನಾನೇ ಊರಿಗೆ ತಿಳಿಸಿದ್ದೆ. "ನನ್ನ ಮಾನ ಕಳದ್ಯಲ್ಲ!" ಎಂದು ಕೂದಲು ಹಿಡಿದು ನನ್ನ ಮುಖವನ್ನು ಬಾಗಿಲ ಚೌಕಟ್ಟಿಗೆ ಜಜ್ಜಿದ. ಎರಡು ಹಲ್ಲು ನೆಲಕ್ಕೆ ಬಿದ್ದವು. ರಕ್ತ ನುಂಗುತ್ತ ಪಕ್ಕದ ಮನೆಯ ನಬೀಸಕ್ಕನ ಜಗಲಿಗೆ ಓಡಿದೆ.

ಪಾಸ್ಟರ ಹೆಂಡತಿ ಬಂದು ನೋಡಿ ಅತ್ತರು. ಅತ್ತು, "ಸಾಕ್ಷಿ ಕೊಟ್ಟಾಗಿದೆ ಅಲ್ವಾ ಸಿಸ್ಟರ್? ಈಗ ಪೆಟ್ಟು ಅಂತ ಹೇಳಿದ್ರೆ ಬಂದ ಆಶೀರ್ವಾದ ವಾಪಸ್ ಹೋಗ್ತದೆ. ಬಿದ್ದದ್ದು ಅಂತ ಹೇಳಿ" ಎಂದರು.

ನಬೀಸಕ್ಕ ಸಿಡಿದಳು. "ಇದು ಎಂಥ ಆಶೀರ್ವಾದ ಮಾರಾಯ್ತಿ? ಇನ್ನೊಂದು ಸಲ ಹೀಗೆ ಬಿದ್ದರೆ ನೀನು ಏಳುವುದಿಲ್ಲ. ಬೆಳ್ತಂಗಡಿಗೆ ಹೋಗುವ, ನಡಿ."

ಆಸ್ಪತ್ರೆಯಲ್ಲಿ ಗಾಯಕ್ಕೆ ಹೊಲಿಗೆ ಹಾಕಿದರು. ಪೊಲೀಸರ ಹತ್ತಿರ ಹೋಗಲು ಮಾತ್ರ ಕಾಲು ಏಳಲಿಲ್ಲ. ಅವನು ಹೊಡೆಯುವುದಿಲ್ಲವೆಂದು ನನ್ನ ಬಾಯಿಂದಲೇ ಕೇಳಿದವರು ಹಾಲ್ ತುಂಬ ಇದ್ದರು. ನನ್ನನ್ನು ನಂಬುವವರು ಯಾರು?

ಮುಂದಿನ ಭಾನುವಾರ ಹಾಲ್‌ಗೆ ಹೋಗಿ ಮೈಕ್ ಕಸಿದುಕೊಂಡೆ. ಬೀದರಿನ ಮಾತು ತಾನಾಗಿ ಬಂತು: "ನಾ ಹೇಳಿದ್ದು ಸುಳ್ಳದ! ನನ್ನ ಗಂಡ ಇನ್ನಾ ಹೊಡಿತಾನ. ನೋಡ್ರಿ!" ಬಾಯಿ ತೆರೆದು ತೋರಿಸಿದೆ. ಯಾರೋ ಮೈಕ್ ಆಫ್ ಮಾಡಿದರು. ನನ್ನ ಗಂಟಲಿಗೆ ಮೈಕ್ ಬೇಕಿರಲಿಲ್ಲ. ಕಾರಿನವನು ತಲೆ ತಗ್ಗಿಸಿದ. ಅಲ್ಲಿಂದ ನಬೀಸಕ್ಕನ ಜೊತೆ ನೇರ ಠಾಣೆಗೆ ಹೋದೆ.

ಪೊಲೀಸರು ಬರುವ ಮೊದಲೇ ಅವನು ಬೀದರಿನ ಬಸ್ಸು ಹತ್ತಿದ್ದ. "ಊರಿಗೆ ಬಂದ್ಬಿಡು ನನ್ನವ್ವ" ಎಂದು ಅವ್ವ ಫೋನಿನಲ್ಲಿ ಕರೆಯುತ್ತಾಳೆ. ಬರುವುದೆಲ್ಲಿಗೆ? ನನ್ನ ಊರಿನಲ್ಲಿ ಈಗ ಅವನಿದ್ದಾನೆ. ಇಲ್ಲಿ ನನಗೆ ನಬೀಸಕ್ಕನ ಹಿಂದಿನ ಕೋಣೆ, ಒಂದು ಹೊಲಿಗೆ ಯಂತ್ರ. ಹಾಲ್‌ನವರು ಎದುರಾದರೆ ಮುಖ ತಿರುಗಿಸುತ್ತಾರೆ.

ಭಾನುವಾರ ನಾನು ಕೂತ ಬಸ್ಸು ಹಾಲ್ ಮುಂದೆ ಹೋಗುವಾಗ ಹಾಡು ಕೇಳಿಸುತ್ತದೆ. ಮೈಯೆಲ್ಲ ಉರಿಯುವಷ್ಟು ಸಿಟ್ಟು ಬರುತ್ತದೆ. ಆದರೂ ಆ ಮುಂದಿನ ಸಾಲಿನ ಕುರ್ಚಿ ನನಗೆ ಈಗಲೂ ಬೇಕು. ಅಲ್ಲೂ ಇಲ್ಲೂ ನನ್ನನ್ನು ರಾಜನ ಮಗಳೆಂದು ಮತ್ತೆ ಯಾರೂ ಕರೆದಿಲ್ಲ. ಹಲ್ಲು ಹೋದ ಜಾಗದಲ್ಲಿ ನಾಲಿಗೆ ಇಟ್ಟುಕೊಂಡು, ಆ ಹಾಡನ್ನು ನಾನೂ ಗುನುಗುತ್ತೇನೆ.